ಇಲ್ಲಿಯವರೆಂಬುದಕ್ಕೆ ಕಾಗದ

ಕಳೆದ ಬೇಸಗೆಯಲ್ಲಿ ತಾವರಗೇರಾದ ಒಬ್ಬ ತರುಣ ನನ್ನನ್ನು ಹುಡುಕಿಕೊಂಡು ಬಂದಿದ್ದ. ನಾನು ಆ ಸೀಮೆಯ ಶಾಸನಗಳನ್ನು ಓದಿದವನೆಂದು ಯಾರೋ ಅವನಿಗೆ ಹೇಳಿದ್ದರಂತೆ. ಸಾವಿರ ವರ್ಷದ ಕಲ್ಲಿನ ಬರಹವನ್ನು ಓದಬಲ್ಲವನಿಗೆ ಐವತ್ತು ವರ್ಷದ ಕಾಗದವೊಂದನ್ನು ಹುಡುಕಿಕೊಡುವುದು ಏನು ಮಹಾ ಎಂಬುದು ಅವನ ತರ್ಕ. ತರ್ಕದಲ್ಲಿ ತಪ್ಪಿತ್ತು, ಆದರೆ ಅವನ ಕಷ್ಟ ನಿಜವಾದದ್ದಾಗಿತ್ತು.

ಅವನ ಅಜ್ಜ ಭೂಮಿಯಿಲ್ಲದವರು. ಕೂಲಿಯಿಂದ ಬದುಕಿದವರು. ತಂದೆ ಮಳೆ ಕೈಕೊಟ್ಟ ಒಂದು ವರ್ಷ ಹೆಂಡತಿಯೊಡನೆ ಮಂಗಳೂರಿಗೆ ಗುಳೆ ಹೋದರು. ಈ ಹುಡುಗ ಹುಟ್ಟಿದ್ದು ಅಲ್ಲಿಯ ಕಟ್ಟಡ ಕೆಲಸದ ಜಾಗದಲ್ಲಿ. ಅಲ್ಲಿಯ ಜನನ ನೋಂದಣಿ ಪುಸ್ತಕದಲ್ಲಿ ಹೆಸರು ಸರಿಯಾಗಿಯೇ ಬಿದ್ದಿದೆ. ಈಗ ಅವನು ಪದವಿ ಮುಗಿಸಿ ಸರಕಾರಿ ನೌಕರಿಗೆ ಅರ್ಜಿ ಹಾಕಬೇಕು. ಅದಕ್ಕೆ ತಾನು ಕಲ್ಯಾಣ ಕರ್ನಾಟಕದವನೆಂಬ ಅರ್ಹತಾ ಪ್ರಮಾಣಪತ್ರ ಬೇಕು. ಅವನ ಕೈಯಲ್ಲಿರುವ ಒಂದೇ ಗಟ್ಟಿ ಕಾಗದ ಅವನನ್ನು ಮಂಗಳೂರಿನವನೆನ್ನುತ್ತದೆ. “ಸರ, ನಾವು ಇಲ್ಲಿಯವರು ಅನ್ನೂದಕ್ಕ ಊರೆಲ್ಲಾ ಸಾಕ್ಷಿ ಐತಿ. ಕಾಗದ ಒಂದ ಇಲ್ಲ ನೋಡ್ರಿ” ಎಂದ.

ಕೇಳುಗರಲ್ಲಿ ಬೇರೆ ಸೀಮೆಯವರೂ ಇರುವುದರಿಂದ ಒಂದೆರಡು ಮಾತು ಹೇಳಬೇಕು. ಹಿಂದಿನ ಹೈದರಾಬಾದು ಕರ್ನಾಟಕದ ಆರು ಜಿಲ್ಲೆಗಳಾದ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಗಳಿಗೆ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿಯ ವಿಶೇಷ ಸ್ಥಾನ ದೊರೆತದ್ದು 2013ರ ಆರಂಭದಲ್ಲಿ. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಈ ವಿಧಿಯ ಪ್ರಕಾರ ಇಲ್ಲಿಯ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70ರಷ್ಟು ಸ್ಥಾನಗಳು, ನಾಡಿನ ಉಳಿದೆಡೆ 8ರಷ್ಟು ಸ್ಥಾನಗಳು ಇಲ್ಲಿಯವರಿಗೆ ಮೀಸಲು. ಹುದ್ದೆಗಳಲ್ಲಿಯೂ ಇಂಥದೇ ಏರ್ಪಾಡಿದೆ. ಇಲ್ಲಿಯವರು ಯಾರು? ಇಲ್ಲಿ ಹುಟ್ಟಿದವರು, ಇಲ್ಲವೆ ನಿಗದಿತ ಹತ್ತು ವರ್ಷಗಳ ವಾಸವನ್ನು ತೋರಿಸಬಲ್ಲವರು, ಮತ್ತು ಅಂಥವರ ಮಕ್ಕಳು. ಪ್ರಮಾಣಪತ್ರವನ್ನು ಕೊಡುವವರು ಉಪವಿಭಾಗಾಧಿಕಾರಿಗಳು. ಅವರು ಊರನ್ನು ಕೇಳುವಂತಿಲ್ಲ, ಕಾಗದವನ್ನು ಕೇಳಬೇಕು. ಅದು ಅವರ ತಪ್ಪೂ ಅಲ್ಲ.

ಹಾಗಾದರೆ ಒಂದು ಸಣ್ಣ ಊರಿನಲ್ಲಿ ಇಂಥವರು ಇದ್ದರು ಎಂಬುದನ್ನು ಯಾರು ಬರೆದಿಟ್ಟಿದ್ದಾರೆ, ಎಲ್ಲಿ ಬರೆದಿಟ್ಟಿದ್ದಾರೆ, ಏತಕ್ಕಾಗಿ ಬರೆದಿಟ್ಟಿದ್ದಾರೆ? ಈ ಮೂರರಲ್ಲಿ ಮೂರನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಆದರೆ ಹುಡುಕುವವನು ಮೊದಲು ಕೇಳಬೇಕಾದದ್ದು ಅದನ್ನೇ. ಒಬ್ಬ ಮನುಷ್ಯ ಇದ್ದಾನೆ ಎಂಬಷ್ಟಕ್ಕೇ ಅವನ ಹೆಸರನ್ನು ಯಾರೂ ಬರೆದುಕೊಂಡಿಲ್ಲ. ಕಂದಾಯ ಕೊಡುತ್ತಾನೆ ಎಂದು ಒಬ್ಬರು ಬರೆದರು, ಮನೆ ಪಟ್ಟಿ ಕಟ್ಟುತ್ತಾನೆ ಎಂದು ಇನ್ನೊಬ್ಬರು ಬರೆದರು, ಮತ ಹಾಕುತ್ತಾನೆ ಎಂದು ಮತ್ತೊಬ್ಬರು ಬರೆದರು. ಯಾವುದಕ್ಕೆ ಬರೆದರೋ ಅದಕ್ಕೆ ಬೇಡವಾದವನು ಆ ಪುಸ್ತಕದಲ್ಲಿ ಇರುವುದಿಲ್ಲ.

ಇದು ಇಂದಿನ ಮಾತಲ್ಲ. ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಬರಹಗಳಿವೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅರಸನ ಹೆಸರು ಅಶೋಕ ಎಂದೇ ಇರುವುದರಿಂದ ಅದು ಲೋಕಪ್ರಸಿದ್ಧವಾಯಿತು. ಅರಸನ ಹೆಸರು ಸಿಕ್ಕಿತು; ಆ ಬಂಡೆಯ ಬುಡದಲ್ಲಿ ದನ ಕಾಯುತ್ತಿದ್ದವನ ಹೆಸರನ್ನು ಯಾರೂ ಕೇಳಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಶಾಸನಗಳು ಇನ್ನೂ ಧಾರಾಳವಾಗಿ ಮಾತಾಡುತ್ತವೆ. ದಾನ ಕೊಟ್ಟವರು, ಪಡೆದವರು, ಊರ ಗಾವುಂಡರು, ಸೇನಬೋವರು, ಕೆಲವೊಮ್ಮೆ ಬರೆದವನು, ಕಂಡರಿಸಿದವನು, ಎಲ್ಲರೂ ಇದ್ದಾರೆ. ಭೂಮಿಯ ನಾಲ್ಕು ದಿಕ್ಕಿನ ಮೇರೆಯೂ ಇದೆ, ಮೇರೆಯಲ್ಲಿರುವ ಹುಣಸೆಯ ಮರವೂ ಇದೆ. ಆ ಭೂಮಿಯನ್ನು ಉತ್ತವನು ಮಾತ್ರ ಇಲ್ಲ. ಮರಕ್ಕೆ ಸಿಕ್ಕ ಮರ್ಯಾದೆ ಅವನಿಗೆ ಸಿಗಲಿಲ್ಲವಲ್ಲ ಎಂದು ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳೊಡನೆ ನಗುತ್ತಿದ್ದೆ. ಈ ಹುಡುಗ ಎದುರಿಗೆ ಕುಳಿತಾಗ ನಗೆ ಬರಲಿಲ್ಲ.

ಇನ್ನು ಎಲ್ಲಿ ಎಂಬ ಪ್ರಶ್ನೆ. ತಾವರಗೇರಾ ಕುಷ್ಟಗಿ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ; ಗ್ರಾಮ ಪಂಚಾಯಿತಿಯಾಗಿದ್ದು ಈಗ ಪಟ್ಟಣ ಪಂಚಾಯಿತಿಯಾಗಿದೆ. ಊರು ಇದ್ದಲ್ಲೇ ಇದೆ, ಅದರ ಒಡೆಯರು ಮಾತ್ರ ಬದಲಾಗುತ್ತ ಬಂದಿದ್ದಾರೆ. ಕೊಪ್ಪಳ, ಯಲಬುರ್ಗಾ ಸೀಮೆಗಳು ನಿಜಾಮರ ಕಾಲದಲ್ಲಿ ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದವು. ಅಲ್ಲಿಯ ಲೆಕ್ಕ ಜಹಗೀರಿನ ಲೆಕ್ಕ. ಕುಷ್ಟಗಿಯದು ನೇರ ಸರಕಾರದ ಆಡಳಿತ. ಅದು ಮೊದಲು ಲಿಂಗಸುಗೂರು ಜಿಲ್ಲೆಯಲ್ಲಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಮುರಿದ ಮೇಲೆ ರಾಯಚೂರು ಜಿಲ್ಲೆಗೆ ಬಂತು. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದು ರಾಜ್ಯ, ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ, 1997ರಿಂದ ಕೊಪ್ಪಳ ಜಿಲ್ಲೆ. ಪ್ರತಿಯೊಂದು ಬದಲಾವಣೆಯಲ್ಲಿಯೂ ಕೆಲವು ಕಾಗದಗಳು ಪ್ರಯಾಣ ಮಾಡುತ್ತವೆ, ಕೆಲವು ಹಿಂದೆಯೇ ಉಳಿಯುತ್ತವೆ. ಆದ್ದರಿಂದ ತಾವರಗೇರಾದ ಹಳೆಯ ಸಂಗತಿಯನ್ನು ಹುಡುಕುವವನು ಕುಷ್ಟಗಿಯ ತಹಶೀಲು ಕಚೇರಿ, ಕೊಪ್ಪಳ, ರಾಯಚೂರುಗಳಲ್ಲದೆ ಹೈದರಾಬಾದಿನ ತಾರ್ನಾಕದಲ್ಲಿರುವ ಪತ್ರಾಗಾರವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ರಾಜ್ಯದ ಪತ್ರಾಗಾರ ಇಲಾಖೆ 1973ರಲ್ಲಿ ಆರಂಭವಾಯಿತು. ಕಲಬುರಗಿಯಲ್ಲಿ ಅದರ ವಿಭಾಗೀಯ ಕಚೇರಿಯಿದೆ. ನಮ್ಮವರು ಈ ಬಾಗಿಲುಗಳನ್ನು ತಟ್ಟುವುದು ಬಹಳ ಕಡಮೆ. ಸಂಶೋಧಕರಿಗೆ ಮಾತ್ರ ಎಂದು ತಿಳಿದಿರುತ್ತಾರೆ.

ಊರಿನ ಹೆಸರನ್ನೂ ಒಂದೇ ಬಗೆಯಾಗಿ ಹುಡುಕಿದರೆ ಸಿಗುವುದಿಲ್ಲ. ತಾವರೆಕೆರೆ ಎಂಬ ಊರು ಬೆಂಗಳೂರಿನ ಬಳಿ ಒಂದಿದೆ, ಶಿರಾ ತಾಲ್ಲೂಕಿನಲ್ಲಿ ಇನ್ನೊಂದಿದೆ. ನಮ್ಮದು ತಾವರಗೇರಾ ಆದದ್ದು ಉರ್ದು ಲಿಪಿಯ ದೆಸೆಯಿಂದ ಎಂದು ನನಗೆ ತೋರುತ್ತದೆ. ಕಲಬುರಗಿ ಗುಲ್ಬರ್ಗಾ ಆದ ಹಾಗೆ, ಎಲಬುರಗೆ ಯಲಬುರ್ಗಾ ಆದ ಹಾಗೆ, ಪದದ ಕೊನೆಯ ನಮ್ಮ ಎಕಾರ ಇಕಾರಗಳು ದಫ್ತರದಲ್ಲಿ ಆಕಾರವಾಗಿ ನಿಂತುಬಿಟ್ಟವು. ಕೊಪ್ಪಳವಂತೂ ನಿಜಾಮರ ಕಾಲದ ಪುಸ್ತಕಗಳಲ್ಲಿ ಕೋಪಬಲ್ ಎಂದಿದೆ. ಸೂಚಿಯಲ್ಲಿ ‘ಕೊ’ ಅಕ್ಷರವನ್ನು ನೋಡಿ ಇಲ್ಲವೆಂದು ಮರಳಿದವರನ್ನು ನಾನು ಬಲ್ಲೆ.

ಭಾಷೆಯ ಜೊತೆಗೆ ಕಾಲದ ತೊಡಕೂ ಇದೆ. ಹೈದರಾಬಾದಿನ ದಫ್ತರ 1884ರ ಸುಮಾರಿಗೆ ಪಾರಸಿಯಿಂದ ಉರ್ದುವಿಗೆ ತಿರುಗಿತು. ವರ್ಷಗಳನ್ನು ಫಸಲಿಯಲ್ಲಿ ಬರೆಯುತ್ತಿದ್ದರು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕ ಸಿಗುತ್ತದೆ. 1358ನೆಯ ಫಸಲಿ ಎಂದರೆ 1948–49. ತುಂಗಭದ್ರೆಯ ಆಚೆಗೆ, ಮದರಾಸು ಆಧಿಪತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿಯೂ ಫಸಲಿಯೇ, ಅಲ್ಲಿಯೂ 590ರ ಲೆಕ್ಕವೇ. ಆದರೆ ಅಲ್ಲಿ ವರ್ಷ ಹುಟ್ಟುತ್ತಿದ್ದದ್ದು ಜುಲೈಯಲ್ಲಿ, ಇಲ್ಲಿ ಅಕ್ಟೋಬರಿನಲ್ಲಿ. ತಿಂಗಳುಗಳೋ ಆಜೂರ್, ದೈ, ಬಹಮನ್ ಎಂಬ ಪಾರಸಿ ತಿಂಗಳುಗಳು. ಹೊಳೆ ದಾಟಿದರೆ ಮೂರು ತಿಂಗಳ ವ್ಯತ್ಯಾಸ. ಒಂದು ಜನನದ ಅಥವಾ ಒಂದು ಕ್ರಯಪತ್ರದ ಕಾಲವನ್ನು ನಿರ್ಣಯಿಸುವಾಗ ಇದು ಸಣ್ಣ ವಿಷಯವಲ್ಲ.

ಊರಿನಲ್ಲಿ ಲೆಕ್ಕ ಬರೆಯುತ್ತಿದ್ದವರು ಪಟವಾರಿಗಳು, ಕಂದಾಯ ನೋಡುತ್ತಿದ್ದವರು ಮಾಲಿಪಾಟೀಲರು, ಬಂದೋಬಸ್ತು ಪೊಲೀಸಪಾಟೀಲರದು. ಇವು ವಂಶಪಾರಂಪರ್ಯದ ಹುದ್ದೆಗಳಾದ್ದರಿಂದ ದಫ್ತರವೆಂಬುದು ಕಚೇರಿಯಲ್ಲಿರದೆ ಅವರವರ ವಾಡೆಯಲ್ಲಿರುತ್ತಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದ ದಫ್ತರಗಳನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡುವ 1961ರ ಕಾಯ್ದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು, ಲೆಕ್ಕಗಳು ಸರಕಾರದ ಗ್ರಾಮಲೆಕ್ಕಿಗರ ಕೈಗೆ ಹೋದವು. ಹಸ್ತಾಂತರದಲ್ಲಿ ಎಲ್ಲವೂ ಹೋಯಿತೆಂದು ಹೇಳಲಾರೆ. ಕೆಲವು ವಾಡೆಗಳಲ್ಲಿ ಈಗಲೂ ಇಲಿಗಳಿಗೆ ಆಹಾರವಾಗಿ ಉರ್ದು, ಮೋಡಿ ಕಾಗದಗಳು ಬಿದ್ದಿವೆ.

ಭೂಮಿಯುಳ್ಳವನಿಗೆ ಹುಡುಕಾಟ ಸುಲಭ. ಸರ್ವೆ ನಂಬರು ಒಂದು ಗೊತ್ತಿದ್ದರೆ ಸಾಕು, ಪಹಣಿಯಿಂದ ಹಿಂದಿನ ಪಹಣಿಗೆ, ಅದರಿಂದ ಹಕ್ಕು ಬದಲಾವಣೆಯ ವಹಿಗೆ, ಅಲ್ಲಿಂದ ನಿಜಾಮರ ಕಾಲದ ಸೇತವಾರಕ್ಕೆ ಮೆಟ್ಟಿಲಿಳಿದ ಹಾಗೆ ಇಳಿಯಬಹುದು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ನಾಡಿನ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆದರೆ ಹಳೆಯ ಕೈಬರಹದ ಪುಸ್ತಕಗಳು ತಾಲ್ಲೂಕಿನ ಅಭಿಲೇಖಾಲಯದಲ್ಲಿರುತ್ತವೆ. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಸಿಗುತ್ತದೆ. ಈಚೆಗೆ ಅವನ್ನೂ ‘ಭೂ ಸುರಕ್ಷಾ’ ಎಂಬ ಯೋಜನೆಯಡಿ ಛಾಯಾಪ್ರತಿ ಮಾಡಿ ಗಣಕಕ್ಕೆ ಸೇರಿಸುತ್ತಿದ್ದಾರೆ. ಒಳ್ಳೆಯ ಕೆಲಸ. ಪಹಣಿಯನ್ನು ಓದುವವರು ಒಂಬತ್ತನೆಯ ಕಲಮನ್ನು ಮಾತ್ರ ನೋಡುತ್ತಾರೆ, ಏಕೆಂದರೆ ಒಡೆಯನ ಹೆಸರಿರುವುದು ಅಲ್ಲಿ. ಉಳುಮೆ ಮಾಡಿದವನ ಹೆಸರು, ಇದ್ದರೆ, ಹನ್ನೆರಡನೆಯ ಕಲಮಿನಲ್ಲಿರುತ್ತದೆ.

ಭೂಮಿಯಿಲ್ಲದವನಿಗೂ ಕಂದಾಯ ಇಲಾಖೆಯಲ್ಲಿ ಒಂದೆರಡು ಕಿಂಡಿಗಳಿವೆ. ಹೈದರಾಬಾದಿನ 1950ರ ಗೇಣಿ ಕಾಯ್ದೆ ರಕ್ಷಿತ ಗೇಣಿದಾರರೆಂಬ ಒಂದು ವರ್ಗವನ್ನು ಗುರುತಿಸಿತು. ಅವರ ಹೆಸರುಗಳನ್ನು ವಹಿಗಳಲ್ಲಿ ಬರೆದರು. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚಿಯಲ್ಲಿ ಜಾರಿಗೆ ಬಂದಾಗ ಗೇಣಿದಾರರು ಏಳನೆಯ ನಮೂನೆಯಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಈ ಕಡತಗಳನ್ನು ಓದಿದವರು ಕಡಮೆ. ಅರ್ಜಿದಾರ ಯಾರ ಮಗ, ಯಾವ ಹೊಲವನ್ನು ಎಷ್ಟು ವರ್ಷದಿಂದ ಮಾಡುತ್ತಿದ್ದಾನೆ, ಪಕ್ಕದ ಹೊಲದವನು ಏನು ಸಾಕ್ಷಿ ಹೇಳಿದ ಎಂಬುದೆಲ್ಲ ಅದರಲ್ಲಿ ಕನ್ನಡದಲ್ಲಿಯೇ ಇರುತ್ತದೆ. ಸೋತ ಅರ್ಜಿಯೂ ಸಾಕ್ಷ್ಯವೇ. ಭೂಮಿ ಸಿಗದಿದ್ದರೂ ಮನುಷ್ಯ ಅಲ್ಲಿದ್ದ ಎಂಬುದಂತೂ ಸಿಗುತ್ತದೆ. ದುರ್ದೈವದಿಂದ ನಮ್ಮ ತರುಣನ ಅಜ್ಜ ಗೇಣಿದಾರರೂ ಆಗಿರಲಿಲ್ಲ.

ಕುಷ್ಟಗಿಯ ಉಪನೋಂದಣಿ ಕಚೇರಿಯ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. 1908ರ ನೋಂದಣಿ ಕಾಯ್ದೆಯ 57ನೆಯ ಕಲಮಿನಂತೆ ಸ್ಥಿರಾಸ್ತಿಯ ಪತ್ರಗಳಿರುವ ಒಂದನೆಯ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಮೃತ್ಯುಪತ್ರಗಳಿರುವ ಮೂರನೆಯ ಪುಸ್ತಕ ಹಾಗಲ್ಲ. ಇದು ಬಹುಜನಕ್ಕೆ ತಿಳಿಯದು. ತಿಳಿದವರಲ್ಲಿ ಹೆಚ್ಚಿನವರು ಭೂಮಿ ಕೊಳ್ಳುವ ದಲ್ಲಾಳಿಗಳು.

ಜನನ ಮರಣದ ಪುಸ್ತಕಕ್ಕೆ ಬರೋಣ. 1969ರ ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲಿನಿಂದ. ಅದಕ್ಕೆ ಮೊದಲು ದೇಶದ ಒಂದೊಂದು ಭಾಗದಲ್ಲಿ ಒಂದೊಂದು ಪದ್ಧತಿ. ಕಾಯ್ದೆ ಬಂದ ಮೇಲೂ ಹಳ್ಳಿಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಮಗುವನ್ನು ಬರೆಸಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಈ ಹುಡುಗನ ತಂದೆ ಹುಟ್ಟಿದ್ದು 1970ರ ದಶಕದಲ್ಲಿ, ಪುಸ್ತಕದಲ್ಲಿ ಹೆಸರಿಲ್ಲ. ಹೆಸರಿಲ್ಲದಿದ್ದರೆ ಇಲ್ಲವೆಂದು ಬರೆದುಕೊಡುವ ಅಲಭ್ಯತಾ ಪತ್ರವೊಂದಿದೆ. ಒಂದು ವರ್ಷ ಮೀರಿದ ಜನನವನ್ನು ಬರೆಸಲು ಮೊದಲು ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು. 2023ರ ತಿದ್ದುಪಡಿಯಿಂದ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳಿಗೆ ಮತ್ತು ಉಪವಿಭಾಗದ ದಂಡಾಧಿಕಾರಿಗಳಿಗೆ ಬಂದಿದೆ. ಆದರೆ ಅವರೂ ಕೇಳುವುದು ಒಂದು ಆಧಾರವನ್ನು. ಕಾಗದಕ್ಕೆ ಕಾಗದ ಬೇಕು.

ಜನಗಣತಿಯಲ್ಲಿ ಎಲ್ಲರೂ ಇರುತ್ತಾರಲ್ಲ ಎಂದು ತರುಣ ಕೇಳಿದ. ಇರುತ್ತಾರೆ. 1881ರಿಂದ ಹತ್ತು ಹತ್ತು ವರ್ಷಕ್ಕೆ ಗಣತಿಯವರು ಮನೆಮನೆಗೆ ಬಂದಿದ್ದಾರೆ. 2021ರಲ್ಲಿ ಬರಬೇಕಾಗಿದ್ದ ಗಣತಿ ಮಾತ್ರ ಮುಂದಕ್ಕೆ ಹೋಯಿತು. ಆದರೆ 1948ರ ಗಣತಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ಒಬ್ಬ ವ್ಯಕ್ತಿಯ ಬಗೆಗೆ ಬರೆದುಕೊಂಡದ್ದನ್ನು ಯಾರಿಗೂ ತೋರಿಸುವಂತಿಲ್ಲ. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರುವಂತೆಯೂ ಇಲ್ಲ. ಊರಿಗೆ ಎಷ್ಟು ಮನೆ, ಎಷ್ಟು ಗಂಡಸರು, ಎಷ್ಟು ಹೆಂಗಸರು, ಎಷ್ಟು ಅಕ್ಷರಸ್ಥರು ಎಂಬುದು ಜಿಲ್ಲಾ ಕೈಪಿಡಿಯಲ್ಲಿ ಸಿಗುತ್ತದೆ. ಅವನ ಅಜ್ಜ ಆ ಸಂಖ್ಯೆಯೊಳಗೆ ಒಬ್ಬರಾಗಿ ಖಂಡಿತ ಇದ್ದಾರೆ. ಯಾವ ಒಬ್ಬರು ಎಂದು ಕೇಳುವಂತಿಲ್ಲ. ಈ ನಿಯಮ ಒಳ್ಳೆಯದೇ ಎಂದು ನಾನು ತಿಳಿಯುತ್ತೇನೆ. ಬಾಗಿಲಿಗೆ ಬಂದವನಿಗೆ ಹೇಳಿದ ಮಾತು ಬೀದಿಗೆ ಹೋಗದು ಎಂಬ ನಂಬಿಕೆಯಿದ್ದರಲ್ಲವೆ ಜನ ನಿಜ ಹೇಳುವುದು?

ಮತದಾರರ ಪಟ್ಟಿ ಇದಕ್ಕೆ ತದ್ವಿರುದ್ಧ. ಅದು ಎಲ್ಲರೂ ನೋಡಲೆಂದೇ ಪ್ರಕಟವಾಗುವ ಪಟ್ಟಿ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆಯ ನಂಬರು, ವಯಸ್ಸು, ಎಲ್ಲ ಇರುತ್ತದೆ. ಭೂಮಿ, ವಿದ್ಯೆ, ತೆರಿಗೆ ಯಾವುದೂ ಬೇಡ. ವಯಸ್ಸು ತುಂಬಿದರೆ ಸಾಕು. ನಮ್ಮ ಊರುಗಳ ಕೂಲಿಕಾರನ ಹೆಸರನ್ನು ಯಾವ ಶರತ್ತೂ ಇಲ್ಲದೆ ಮೊದಲ ಬಾರಿಗೆ ಬರೆದುಕೊಂಡದ್ದು 1951–52ರ ಮೊದಲ ಮಹಾಚುನಾವಣೆಯ ಪಟ್ಟಿ ಎಂದೇ ನನ್ನ ಭಾವನೆ. ಆಗ ಕುಷ್ಟಗಿಯೇ ಒಂದು ಲೋಕಸಭಾ ಕ್ಷೇತ್ರವಾಗಿತ್ತು. ನಿಜಾಮರ ವಿರುದ್ಧ ಮುಂಡರಗಿಯ ಗಡಿಶಿಬಿರವನ್ನು ನಡೆಸಿದ ಅಳವಂಡಿ ಶಿವಮೂರ್ತಿಸ್ವಾಮಿಗಳು ಅಲ್ಲಿಂದ ಗೆದ್ದುಹೋದರು. ಆ ಪಟ್ಟಿಗೂ ಒಂದು ಕಣ್ಣೀರಿನ ಕಥೆಯಿದೆ. ಮನೆಗೆ ಬಂದ ಗುಮಾಸ್ತನಿಗೆ ತಮ್ಮ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದ ಸುಮಾರು 28 ಲಕ್ಷ ಹೆಣ್ಣುಮಕ್ಕಳನ್ನು ಮೊದಲ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರ ಕಾಲದಲ್ಲಿ ಪಟ್ಟಿಯಿಂದ ಕೈಬಿಡಬೇಕಾಯಿತು. ಬಹುಪಾಲು ಉತ್ತರದ ರಾಜ್ಯಗಳವರು. ಸ್ವಂತ ಹೆಸರಿನಿಂದಲೇ ಪಟ್ಟಿಗೆ ಬರಬೇಕೆಂಬ ಆ ಹಟ ಸರಿಯಾದದ್ದೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಹಳೆಯ ಪಟ್ಟಿಗಳನ್ನು ಜೋಪಾನವಾಗಿಡಬೇಕೆಂದು ನಮಗೆ ಅನ್ನಿಸಿದ್ದು ತಡವಾಗಿ. ಇತ್ತೀಚಿನ ಪಟ್ಟಿ ಮನೆಯಲ್ಲಿ ಕುಳಿತೇ ಸಿಗುತ್ತದೆ. ನಲವತ್ತು ವರ್ಷ ಹಿಂದಿನದಕ್ಕೆ ಕಾಲು ಸವೆಸಬೇಕು.

ಇಷ್ಟೆಲ್ಲ ಸರಕಾರದ ಮಾತಾಯಿತು. ನಮ್ಮ ಕಡೆಗೆ ಸರಕಾರಕ್ಕಿಂತ ಹಳೆಯ ದಫ್ತರದವರು ಒಬ್ಬರಿದ್ದಾರೆ. ಅವರು ಹೆಳವರು. ಕೆಲವು ವರ್ಷಕ್ಕೊಮ್ಮೆ, ಸುಗ್ಗಿಯ ಹೊತ್ತಿಗೆ, ಎತ್ತಿನ ಮೇಲೆ ಕುಳಿತು ಬಂದು ಮನೆಯ ಮುಂದೆ ನಿಂತು ಆ ಮನೆಯ ವಂಶಾವಳಿಯನ್ನು ಹೇಳುವವರು. ಮೂಲಪುರುಷ ಯಾವ ಊರಿನಿಂದ ಎದ್ದು ಬಂದ, ಅವನಿಗೆ ಎಷ್ಟು ಮಕ್ಕಳು, ಯಾವ ಮಗ ಎಲ್ಲಿ ಒಕ್ಕಲಾದ ಎಂಬುದನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ಒಂದು ಕಾಲಕ್ಕೆ ತಾಳೆಗರಿ, ತಾಮ್ರಪಟ. ಆಮೇಲೆ ಉದ್ದನೆಯ ವಹಿ. ನಮ್ಮ ಮನೆಗೂ ಬರುತ್ತಿದ್ದರು. ನನ್ನ ಬಾಲ್ಯದಲ್ಲಿ ಒಬ್ಬ ಹೆಳವ ಕಟ್ಟೆಯ ಮುಂದೆ ನಿಂತು ಏಳು ತಲೆಮಾರಿನ ಹೆಸರುಗಳನ್ನು ಉಸಿರು ಬಿಡದೆ ಹೇಳಿದ್ದು ನೆನಪಿದೆ. ಅವನಿಗೆ ಸರ್ವೆ ನಂಬರು ಬೇಡ, ಫಸಲಿ ಬೇಡ. ಆದರೆ ಹೆಳವನೂ ಎಲ್ಲರ ಮನೆಗೆ ಹೋಗುವುದಿಲ್ಲ. ತನ್ನ ಪಾಲಿಗೆ ಬಂದ ಒಕ್ಕಲುಗಳ ಮನೆಗೆ ಹೋಗುತ್ತಾನೆ. ಅವನು ಹೇಳುವುದು ಗಂಡುಸಂತಾನದ ಬಳ್ಳಿಯನ್ನು. ಏಳು ತಲೆಮಾರಿನಲ್ಲಿ ಏಳು ತಾಯಂದಿರೂ ಇದ್ದಿರಲೇಬೇಕಲ್ಲ, ಅವರೆಲ್ಲಿ ಎಂದು ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ.

ಕೇಳುವ ಹಕ್ಕಿನ ಬಗೆಗೂ ಹೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಶುಲ್ಕದೊಡನೆ ಅರ್ಜಿ ಕೊಟ್ಟರೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಡತನದ ರೇಖೆಯ ಕೆಳಗಿರುವವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದಗಳೊಳಗಿರಬೇಕು. ಸಂಕ್ಷೇಪವಾಗಿ ಬರೆಯುವುದನ್ನು ನಲವತ್ತು ವರ್ಷ ಪಾಠ ಹೇಳಿಯೂ ನಾನು ಕಲಿಸಲಾರದ್ದನ್ನು ಈ ನಿಯಮ ಕಲಿಸುತ್ತಿದೆ! ಆದರೆ ಬೇರೊಬ್ಬರ ಖಾಸಗಿ ಸಂಗತಿಯನ್ನು ಈ ದಾರಿಯಿಂದ ಪಡೆಯಲು ಬರುವುದಿಲ್ಲ. ಆ ಬಾಗಿಲನ್ನು 2023ರ ದತ್ತಾಂಶ ಸಂರಕ್ಷಣೆಯ ಕಾಯ್ದೆ ಇನ್ನಷ್ಟು ಬಿಗಿಮಾಡಿದೆ. ಊರಿನ ರಸ್ತೆಗೆ ಎಷ್ಟು ಖರ್ಚಾಯಿತು ಎಂದು ಕೇಳುವುದು ಬೇರೆ, ನೆರೆಮನೆಯವರು ಎಲ್ಲಿಂದ ಬಂದರು ಎಂದು ಕೇಳುವುದು ಬೇರೆ. ಸಣ್ಣ ಊರಿನಲ್ಲಿ ಎರಡನೆಯ ಕುತೂಹಲವೇ ಹೆಚ್ಚು. ತನ್ನ ತಂದೆಯ, ತನ್ನ ಅಜ್ಜನ ಕಾಗದವನ್ನು ಕೇಳುವವನ ಮಾತು ಇವೆರಡಕ್ಕಿಂತ ಬೇರೆ. ಅಂಥವನು ಸಂಬಂಧವನ್ನು ತೋರಿಸಿ ನೇರವಾಗಿ ಆಯಾ ಕಚೇರಿಗೆ ನಕಲಿಗೆ ಅರ್ಜಿ ಕೊಡುವುದೇ ಹತ್ತಿರದ ಹಾದಿ.

ಇನ್ನು ಉಳಿದದ್ದು ಶಾಲೆ. ನಮ್ಮ ಊರುಗಳಲ್ಲಿ ಬಡವನ ಸೇತವಾರವೆಂದರೆ ಪ್ರಾಥಮಿಕ ಶಾಲೆಯ ದಾಖಲಾತಿ ವಹಿ. ಭೂಮಿಯಿಲ್ಲದವನ ಮಗುವೂ ಒಂದು ದಿನ ಮಾಸ್ತರರ ಮುಂದೆ ನಿಲ್ಲುತ್ತದೆ. ಅವರು ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಜಾತಿ, ಹುಟ್ಟಿದ ದಿನ ಇಷ್ಟನ್ನು ಬರೆಯಲೇಬೇಕು. ಹುಟ್ಟಿದ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ. ಜೋಳ ಕೊಯ್ಯುವಾಗ, ದೊಡ್ಡ ಮಳೆಯ ವರ್ಷ, ಜಾತ್ರೆಯ ಮುಂದೆ ಎಂದು ತಾಯಿ ಹೇಳುತ್ತಿದ್ದಳು. ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ನನ್ನ ಜನ್ಮದಿನವೂ ಜೂನ್ 1. ನನ್ನ ಸಹೋದ್ಯೋಗಿಗಳಲ್ಲಿ ಅರ್ಧ ಜನದ್ದು ಅದೇ. ನಿವೃತ್ತಿಯ ದಿನ ಕಾಲೇಜಿನ ಅರ್ಧ ಕೋಣೆಗಳು ಒಟ್ಟಿಗೆ ಬರಿದಾಗುತ್ತಿದ್ದವು. ದಿನ ಸುಳ್ಳು, ಆದರೆ ಊರು ನಿಜ. ಊರಿನ ವಿಷಯದಲ್ಲಿ ಸುಳ್ಳು ಬರೆಯಲು ಆಗ ಯಾರಿಗೂ ಕಾರಣವಿರಲಿಲ್ಲ.

ಈ ಮಾತನ್ನು ಹೇಳಿ, ನಿನ್ನ ತಂದೆ ಶಾಲೆಗೆ ಹೋಗಿದ್ದರೇನು ಎಂದು ತರುಣನನ್ನು ಕೇಳಿದೆ. “ಮೂರನೆತ್ತಾ ತನಕ ಹೋಗ್ಯಾರಂತ ರೀ” ಎಂದ. ಅಷ್ಟೇ ಸಾಕಾಯಿತು. ಎರಡು ವಾರದ ಮೇಲೆ ಅವನು ಮುಖ್ಯೋಪಾಧ್ಯಾಯರು ಸಹಿ ಮಾಡಿಕೊಟ್ಟ ನಕಲನ್ನು ತಂದು ತೋರಿಸಿದ. ಹುಟ್ಟಿದ ಊರು ತಾವರಗೇರಾ. ಹುಟ್ಟಿದ ದಿನ, ಹೇಳಬೇಕಾಗಿಯೇ ಇಲ್ಲ, ಜೂನ್ 1. ಮೂರನೆಯ ತರಗತಿಯಲ್ಲಿ ಬಿಟ್ಟ ಕಾರಣದ ಕಲಮಿನಲ್ಲಿ ‘ಗುಳೆ’ ಎಂದು ಎರಡಕ್ಷರ. ಅವನು ಅದನ್ನು ತೋರಿಸಿ ಸುಮ್ಮನೆ ಕುಳಿತ. ಅರ್ಜಿ ಈಗ ಉಪವಿಭಾಗದ ಕಚೇರಿಯಲ್ಲಿದೆ.

ಅವನಿಗೆ ದಾರಿ ಹೇಳಬಲ್ಲೆನೆಂಬ ಧೈರ್ಯ ನನಗೆ ಬಂದದ್ದಕ್ಕೂ ಒಂದು ಕಾರಣವಿದೆ. ನನ್ನ ಅಜ್ಜಿ, ತಂದೆಯ ತಾಯಿ, ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅಜ್ಜ ಇನ್ನೂ ಮೊದಲು ಹೋಗಿದ್ದರು. ಒಬ್ಬ ಮಗನನ್ನು ಅವರೇ ಸಾಕಿ ಓದಿಸಿದರು. ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ನಿಜವಾದ ಹೆಸರೇನೆಂದು ಕೇಳಬೇಕೆಂದು ತಂದೆ ಇದ್ದಾಗ ನನಗೆ ಹೊಳೆಯಲಿಲ್ಲ. ಅವರ ಹೆಸರು ಪಹಣಿಯಲ್ಲಿಲ್ಲ, ಹೆಳವನ ಬಾಯಲ್ಲಿಲ್ಲ. ನಿವೃತ್ತನಾದ ಮೇಲೆ ತಂದೆ ಓದಿದ ಶಾಲೆಗೆ ಹೋದೆ. ಹಳೆಯ ವಹಿ ಇನ್ನೂ ಇತ್ತು, ಪೂರ್ತಿ ಉರ್ದುವಿನಲ್ಲಿ. ನಿವೃತ್ತರಾದ ಒಬ್ಬ ಉರ್ದು ಮಾಸ್ತರರನ್ನು ಕರೆದುಕೊಂಡು ಮತ್ತೆ ಹೋದೆ. ಅವರು ಬೆರಳಿಟ್ಟು ಓದಿದರು. 1347ನೆಯ ಫಸಲಿ, ಅಮರ್ದಾದ್ ತಿಂಗಳು; ಎಂದರೆ 1938ರ ಜೂನ್ ಆಸುಪಾಸು. ತಂದೆಯ ಹೆಸರು, ಅವರ ತಂದೆಯ ಹೆಸರು, ವಾಸದ ಊರು. ಕೊನೆಯ ಕಲಮು ಸರಪರಸ್ತ, ಪಾಲಕರದು. ಅಲ್ಲಿ ‘ಮುಸಮ್ಮಾತ್’ ಎಂದಿತ್ತು. ಆ ದಫ್ತರದಲ್ಲಿ ಹೆಂಗಸಿನ ಹೆಸರಿಗೆ ಮೊದಲು ಬರೆಯುವ ಗೌರವದ ಮಾತು. ಅದರ ಮುಂದೆ ಹೆಸರು.

ಉರ್ದುವಿನಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕನ್ನಡದ ಹೆಸರು ಆ ಲಿಪಿಯಲ್ಲಿ ಎರಡು ರೂಪ ತಾಳಬಲ್ಲದು. ಮಾಸ್ತರರು ಎರಡು ಬಗೆಯಾಗಿ ಓದಿದರು. ಒಂದು ಓದಿನಲ್ಲಿ ಅದು ಗುರುವಿನ ಹೆಸರು, ಇನ್ನೊಂದರಲ್ಲಿ ಗೌರಿಯ ಹೆಸರು. “ಬರೆದ ಗುಮಾಸ್ತನಿಗೇ ಗೊತ್ತು ಸಾಹೇಬ” ಎಂದು ನಕ್ಕರು. ನಮ್ಮ ಕಡೆಗೆ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ವಾಡಿಕೆ. ನನ್ನ ಅಕ್ಕನ ಹೆಸರಿನಲ್ಲಿ ಗೌರಿ ಇದ್ದಾಳೆ. ಸಂಜೆ ಅಕ್ಕನಿಗೆ ದೂರವಾಣಿ ಮಾಡಿ ಹೇಳಿದೆ. ಆಚೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ, “ಆ ಪುಸ್ತಕ ಚಂದಾಗಿ ಇಟ್ಟಾರೇನಪ್ಪಾ?” ಎಂದು ಕೇಳಿದಳು.